ಅಂಗೈಯಲ್ಲಿರುವ ಯಂತ್ರಕ್ಕೆ ಅರ್ಚಕ ಯಾರು?

ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿ ಮಾಡಿದ ದೊಡ್ಡ ಕೆಲಸ ಯಾವುದು ಎಂದು ಕೇಳಿದರೆ ನಾವೆಲ್ಲ ಸಮಾನತೆ, ಕಾಯಕ, ದಾಸೋಹ ಎಂದು ಒಂದೇ ಉಸಿರಿಗೆ ಹೇಳುತ್ತೇವೆ. ಈ ಮೂರಕ್ಕೂ ಬೇರಾದ ಇನ್ನೊಂದು ಸಂಗತಿಯಿದೆ. ಭಕ್ತನಿಗೂ ದೇವರಿಗೂ ನಡುವೆ ನಿಂತಿದ್ದವನನ್ನು ಶರಣರು ಪಕ್ಕಕ್ಕೆ ಸರಿಸಿದರು. ಗುಡಿಯ ಬೀಗದ ಕೈ ಯಾರ ಬಳಿ ಇದೆಯೋ ಅವನೇ ದೇವರಿಗಿಂತ ದೊಡ್ಡವನಾಗುತ್ತಾನೆ ಎಂಬುದನ್ನು ಅವರು ಕಂಡುಕೊಂಡಿದ್ದರು. ಇಷ್ಟಲಿಂಗ ಅಂಗೈಗೆ ಬಂದ ದಿನ ಆ ಬೀಗದ ಕೈಗೆ ಬೆಲೆಯಿಲ್ಲದಾಯಿತು. ಮಾದಾರ, ಡೋಹರ, ಮಡಿವಾಳ, ಅಂಬಿಗ ಯಾರೇ ಆಗಲಿ, ಪೂಜೆಗೆ ಇನ್ನೊಬ್ಬರ ಅಪ್ಪಣೆ ಬೇಕಾಗಲಿಲ್ಲ.

ಇಂದು ನಮ್ಮೆಲ್ಲರ ಅಂಗೈಯಲ್ಲಿ ಇನ್ನೊಂದು ವಸ್ತು ಇದೆ. ಮೊಬೈಲನ್ನು ಇಷ್ಟಲಿಂಗದೊಡನೆ ಹೋಲಿಸುವ ಅವಿವೇಕ ನನ್ನದಲ್ಲ. ಆದರೆ ದಿನಕ್ಕೆ ನೂರು ಸಲ ನಾವು ಮುಟ್ಟುವ, ನಮ್ಮ ಹಣ, ಮಾತು, ಮಕ್ಕಳ ಪಾಠ, ಬೆಳೆಯ ದರ, ಈಚೆಗೆ ವಚನ ಪಠಣವನ್ನೂ ಒಪ್ಪಿಸಿರುವ ಈ ಯಂತ್ರದ ವಿಷಯದಲ್ಲಿ ಶರಣರ ಪ್ರಶ್ನೆಯನ್ನೇ ಕೇಳಬೇಕಾಗಿದೆ. ದುಡ್ಡು ಕೊಟ್ಟು ತಂದವರು ನಾವು. ಆದರೆ ಅದರೊಳಗೆ ಏನು ಇರಬೇಕು, ಏನು ಇರಬಾರದು ಎಂದು ನಿರ್ಧರಿಸುವವರು ಯಾರು? ಇದು ಕೇವಲ ಇಂಜಿನಿಯರುಗಳ ವಿಷಯವೆಂದು ನಾವು ಸುಮ್ಮನಿದ್ದೇವೆ. ಸುಮ್ಮನಿರುವ ವಿಷಯ ಇದಲ್ಲ ಎಂಬುದೇ ಈ ಲೇಖನದ ವಾದ.

ಪುಕ್ಕಟೆಯಲ್ಲ, ಸ್ವತಂತ್ರ

ಕಂಪ್ಯೂಟರ್, ಮೊಬೈಲುಗಳನ್ನು ನಡೆಸುವ ಆಜ್ಞೆಗಳ ಸಮೂಹಕ್ಕೆ ತಂತ್ರಾಂಶ ಎನ್ನುತ್ತೇವೆ. ಅದನ್ನು ಮನುಷ್ಯರು ಓದಿ ತಿಳಿಯಬಹುದಾದ ರೂಪದಲ್ಲಿ ಬರೆದಿರುತ್ತಾರೆ. ಇದು ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್. ಅಡುಗೆಗೆ ಪಾಕವಿಧಾನ ಹೇಗೋ ತಂತ್ರಾಂಶಕ್ಕೆ ಇದು ಹಾಗೆ. ಮೊದಮೊದಲು ಈ ಪಾಕವಿಧಾನವನ್ನು ಬಲ್ಲವರು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಿದ್ದರು. ಕಂಪನಿಗಳು ಬೆಳೆದ ಹಾಗೆ ಅದನ್ನು ಬಚ್ಚಿಟ್ಟು, ಬೇಯಿಸಿದ ಅನ್ನವನ್ನಷ್ಟೇ ಮಾರುವ ಪದ್ಧತಿ ಬಂತು. ಅದರಲ್ಲಿ ಏನು ಬೆರೆಸಿದ್ದಾರೆ ಎಂದು ಕೇಳುವ ಹಕ್ಕು ಉಣ್ಣುವವನಿಗಿಲ್ಲ.

ಇದನ್ನು ಒಪ್ಪದ ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಪ್ರಕಟಿಸಿದರು. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದರು. ತಂತ್ರಾಂಶ ಬಳಸುವವನಿಗೆ ನಾಲ್ಕು ಸ್ವಾತಂತ್ರ್ಯ ಇರಬೇಕೆಂಬುದು ಅವರ ಸಿದ್ಧಾಂತ. ಯಾವ ಉದ್ದೇಶಕ್ಕಾದರೂ ಬಳಸುವುದು, ಒಳಗೇನಿದೆ ಎಂದು ಓದಿ ಬೇಕಾದಂತೆ ತಿದ್ದಿಕೊಳ್ಳುವುದು, ಪ್ರತಿ ಮಾಡಿ ನೆರೆಯವರಿಗೆ ಕೊಡುವುದು, ತಿದ್ದಿದ್ದನ್ನೂ ಹಂಚುವುದು. ಇಂಗ್ಲಿಷಿನಲ್ಲಿ ಇದಕ್ಕೆ ಬಳಸುವ ಫ್ರೀ ಎಂಬ ಪದಕ್ಕೆ ಎರಡು ಅರ್ಥ ಇರುವುದರಿಂದ ಅವರು ಮೂವತ್ತು ನಲವತ್ತು ವರ್ಷಗಳಿಂದ ವಿವರಣೆ ಕೊಡುತ್ತಲೇ ಇದ್ದಾರೆ. ಕನ್ನಡಿಗರಿಗೆ ಆ ತೊಂದರೆಯಿಲ್ಲ. ಪುಕ್ಕಟೆ ಬೇರೆ, ಸ್ವತಂತ್ರ ಬೇರೆ ಎಂಬುದು ನಮ್ಮ ಭಾಷೆಯಲ್ಲಿಯೇ ಸ್ಪಷ್ಟವಾಗಿದೆ. ನಮ್ಮ ಮೊಬೈಲಿನ ಬಹುಪಾಲು ಆ್ಯಪ್‌ಗಳು ಪುಕ್ಕಟೆ. ಸ್ವತಂತ್ರವಾದವು ಬೆರಳೆಣಿಕೆಯಷ್ಟು.

ಸ್ಟಾಲ್ಮನ್ 1989ರಲ್ಲಿ ಜಿಪಿಎಲ್ ಎಂಬ ಪರವಾನಗಿ ಬರೆದರು. ಅದರ ಮುಖ್ಯ ಷರತ್ತು ಇಷ್ಟು: ನಿನಗೆ ಸ್ವಾತಂತ್ರ್ಯದೊಡನೆ ಬಂದದ್ದನ್ನು ನೀನು ಮುಂದಿನವನಿಗೆ ಕೊಡುವಾಗ ಅದೇ ಸ್ವಾತಂತ್ರ್ಯದೊಡನೆ ಕೊಡಬೇಕು. ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸ ಬಲ್ಲ ನಮಗೆ ಇದು ಅರ್ಥವಾಗಲು ಕಷ್ಟವಿಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಆ ಮೇಲು ಕೀಳು ಇಲ್ಲ. ಉಂಡವನು ನಾಳೆ ಬಡಿಸುವವನಾಗುತ್ತಾನೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಈ ಪರವಾನಗಿಯಡಿ ಬೆಳೆಯಿತು. ಜಗತ್ತಿನ ಸಾವಿರಾರು ಜನ ಅದಕ್ಕೆ ತಮ್ಮ ಕಾಯಕವನ್ನು ಸೇರಿಸಿದರು.

ತಪ್ಪಲೆ ನಮ್ಮದು, ಸೌಟು ಅವರದು

ಆಂಡ್ರಾಯ್ಡ್ ಹುಟ್ಟಿದ್ದು ಈ ಲಿನಕ್ಸಿನ ಬೆನ್ನ ಮೇಲೆ. 2005ರಲ್ಲಿ ಗೂಗಲ್ ಆಂಡ್ರಾಯ್ಡ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತು. 2007ರ ನವೆಂಬರಿನಲ್ಲಿ ಹಲವು ಮೊಬೈಲ್ ಕಂಪನಿಗಳನ್ನು ಸೇರಿಸಿಕೊಂಡು ಇದು ಎಲ್ಲರಿಗೂ ಮುಕ್ತವಾದ ವ್ಯವಸ್ಥೆ ಎಂದು ಸಾರಿತು. ಅದೇ ವರ್ಷ ಬಂದ ಆಪಲ್ ಕಂಪನಿಯ ಐಫೋನ್ ಬೀಗ ಹಾಕಿದ ಪೆಟ್ಟಿಗೆಯಾಗಿತ್ತು. 2008ರಲ್ಲಿ ಆಪಲ್ ತನ್ನ ಆ್ಯಪ್ ಅಂಗಡಿ ತೆರೆದಾಗ ಅದರ ಹೊರತು ಬೇರೆಲ್ಲಿಂದಲೂ ಐಫೋನಿಗೆ ಆ್ಯಪ್ ಬರುವಂತಿರಲಿಲ್ಲ. ಜಿಪಿಎಲ್ ಪರವಾನಗಿಗೂ ಆ ಅಂಗಡಿಯ ನಿಯಮಗಳಿಗೂ ಹೊಂದದೆ ವಿಎಲ್‌ಸಿ ಎಂಬ ಹೆಸರಾಂತ ಸ್ವತಂತ್ರ ತಂತ್ರಾಂಶ 2011ರಲ್ಲಿ ಅಲ್ಲಿಂದ ಹೊರಬಿತ್ತು. ಪರವಾನಗಿ ಬದಲಿಸಿಕೊಂಡ ಮೇಲೆಯೇ ಅದು ಮತ್ತೆ ಒಳಗೆ ಹೋದದ್ದು. ಆಪಲ್ ಎಂದೂ ತಾನು ಮುಕ್ತ ಎಂದು ಹೇಳಿಕೊಳ್ಳಲಿಲ್ಲ. ಆದ್ದರಿಂದ ಸ್ವಾತಂತ್ರ್ಯಪ್ರಿಯರೆಲ್ಲ ಆಂಡ್ರಾಯ್ಡಿನ ಕಡೆ ನೋಡಿದರು. ನಮ್ಮ ದೇಶದ ನೂರು ಸ್ಮಾರ್ಟ್‌ಫೋನುಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಇಂದು ಆಂಡ್ರಾಯ್ಡಿನವೇ.

ಹಾಗಾದರೆ ತೊಂದರೆ ಎಲ್ಲಿದೆ? ಆಂಡ್ರಾಯ್ಡಿನ ಮೂಲ ಸಂಕೇತ ಇಂದಿಗೂ ಪ್ರಕಟವಾಗುತ್ತದೆ. ಯಾರೂ ಅದನ್ನು ಸುಟ್ಟಿಲ್ಲ, ಬಚ್ಚಿಟ್ಟಿಲ್ಲ. ಆದರೆ ವರ್ಷದಿಂದ ವರ್ಷಕ್ಕೆ ಅದರಿಂದ ತಿರುಳು ತೆಗೆದು ಸಿಪ್ಪೆ ಉಳಿಸುವ ಕೆಲಸ ನಡೆದಿದೆ. ಅದು ನಡೆದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮೊದಲನೆಯದು, ಒಳಗಿನ ವಸ್ತುಗಳನ್ನು ಹೊರಗೆ ಸಾಗಿಸಿದ್ದು. ಮೊದಲು ಆಂಡ್ರಾಯ್ಡಿನಲ್ಲಿ ಹುಡುಕಾಟ, ಸಂಗೀತ, ಕ್ಯಾಲೆಂಡರ್, ಕೀಲಿಮಣೆ, ಕ್ಯಾಮೆರಾ ಎಲ್ಲವೂ ಮುಕ್ತವಾಗಿದ್ದವು. ಒಂದೊಂದಕ್ಕೂ ಗೂಗಲ್ ತನ್ನದೇ ಮುಚ್ಚಿದ ಆ್ಯಪ್ ಮಾಡಿತು. ಹೊಸ ಸೌಲಭ್ಯಗಳೆಲ್ಲ ಅದರಲ್ಲಿ ಬಂದವು, ಮುಕ್ತವಾದದ್ದು ನೀರಿಲ್ಲದ ಗಿಡದಂತೆ ನಿಂತಿತು. ಸಂದೇಶ ಬಂದಾಗ ತಿಳಿಸುವುದು, ನಕ್ಷೆ ತೋರಿಸುವುದು, ಇರುವ ಸ್ಥಳ ಹೇಳುವುದು ಮುಂತಾದ ಅಗತ್ಯ ಕೆಲಸಗಳು ಗೂಗಲ್ ಪ್ಲೇ ಸರ್ವಿಸಸ್ ಎಂಬ ಮುಚ್ಚಿದ ಭಾಗಕ್ಕೆ ಹೋದವು. ಆ್ಯಪ್ ಬರೆಯುವವರು ಅದನ್ನೇ ನಂಬಿ ಬರೆದರು. ಇಂದು ಮುಕ್ತ ಭಾಗವನ್ನಷ್ಟೇ ಹಾಕಿದ ಫೋನಿನಲ್ಲಿ ಪೇಟೆಯ ಎಷ್ಟೋ ಆ್ಯಪ್‌ಗಳು ನಡೆಯುವುದೇ ಇಲ್ಲ.

ಎರಡನೆಯದು, ಕರಾರಿನ ಕಟ್ಟು. ಗೂಗಲ್ಲಿನ ಪ್ಲೇ ಸ್ಟೋರ್ ಬೇಕೆಂದರೆ ಫೋನ್ ತಯಾರಕರು ಅದರ ಇತರ ಆ್ಯಪ್‌ಗಳನ್ನೂ ಮೊದಲೇ ತುಂಬಿಸಿ ಮಾರಬೇಕಿತ್ತು. ಆಂಡ್ರಾಯ್ಡನ್ನು ಬೇರೆಯವರು ತಿದ್ದಿ ಮಾಡಿದ ವ್ಯವಸ್ಥೆಯ ಫೋನನ್ನು ತಯಾರಿಸುವುದಿಲ್ಲ ಎಂದೂ ಬರೆದುಕೊಡಬೇಕಿತ್ತು. 2012ರಲ್ಲಿ ಏಸರ್ ಕಂಪನಿಯು ಚೀನಾದ ಅಲಿಬಾಬಾ ಸಿದ್ಧಪಡಿಸಿದ ವ್ಯವಸ್ಥೆಯ ಫೋನನ್ನು ಬಿಡುಗಡೆ ಮಾಡಲು ಹೊರಟು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದದ್ದು ಗೂಗಲ್ಲಿನ ಒತ್ತಡದಿಂದ. ಪರವಾನಗಿ ಯಾರು ಬೇಕಾದರೂ ತಿದ್ದಬಹುದು ಎನ್ನುತ್ತದೆ, ಕರಾರು ತಿದ್ದಿದವನನ್ನು ಪಂಕ್ತಿಯಿಂದ ಎಬ್ಬಿಸುತ್ತದೆ. ಯುರೋಪಿಯನ್ ಆಯೋಗ 2018ರಲ್ಲಿ ಈ ಕಾರಣಗಳಿಗಾಗಿ ಗೂಗಲ್ಲಿಗೆ 434 ಕೋಟಿ ಯೂರೋ ದಂಡ ಹಾಕಿತು. 2022ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು 412.5 ಕೋಟಿಗೆ ಇಳಿಸಿತಾದರೂ ತಪ್ಪನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು.

ನಮ್ಮ ದೇಶದ ಸ್ಪರ್ಧಾ ಆಯೋಗವೂ ಹಿಂದೆ ಬೀಳಲಿಲ್ಲ. 2022ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ವಿಷಯದಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿ, ಹತ್ತು ನಿರ್ದೇಶನ ಕೊಟ್ಟಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿ ನಾಲ್ಕು ನಿರ್ದೇಶನಗಳನ್ನು ಕೈಬಿಟ್ಟಿತು. ಪ್ಲೇ ಸ್ಟೋರಿನ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವುದಕ್ಕೆ ಅಡ್ಡಿ ಮಾಡಬಾರದು ಎಂಬುದು ಆ ನಾಲ್ಕರಲ್ಲಿ ಒಂದು. ದಂಡದ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಕೈಬಿಟ್ಟ ಈ ಒಂದು ಸಾಲು ನಮಗೆ ದಂಡಕ್ಕಿಂತ ಮುಖ್ಯವಾದದ್ದು. ಕಂಪನಿ ದಂಡ ಕಟ್ಟಿ ಮುಂದೆ ಹೋಗುತ್ತದೆ, ಬಾಗಿಲು ಮುಚ್ಚಿದರೆ ಹೊರಗೆ ನಿಲ್ಲುವವರು ನಾವು.

ಮೂರನೆಯದು, ಯಂತ್ರಕ್ಕೇ ಬೀಗ. ಸ್ವತಂತ್ರ ತಂತ್ರಾಂಶವನ್ನು ತಿದ್ದುವ ಹಕ್ಕು ಕಾಗದದಲ್ಲಿದ್ದರೂ, ತಿದ್ದಿದ್ದನ್ನು ನಿಮ್ಮ ಫೋನಿಗೆ ಹಾಕಲು ಅದರ ಆರಂಭದ ಬೀಗ ತೆರೆಯಬೇಕು. ಹಲವು ತಯಾರಕರು ಅದನ್ನು ತೆರೆಯಲು ಬಿಡುವುದಿಲ್ಲ. ಬಿಟ್ಟರೂ, ಗೂಗಲ್ಲಿನ ದೃಢೀಕರಣ ಪಡೆಯದ ವ್ಯವಸ್ಥೆ ಫೋನಿನಲ್ಲಿದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದಿಲ್ಲ. ಲಿನೇಜ್ ಓಎಸ್, ಗ್ರಾಫೀನ್ ಓಎಸ್ ಮುಂತಾದ ಸ್ವತಂತ್ರ ವ್ಯವಸ್ಥೆಗಳು ಇವೆ. ಗ್ರಾಫೀನ್ ಓಎಸ್ ಅಂತೂ ಭದ್ರತೆಗೆಂದೇ ಹೆಸರಾದದ್ದು. ಆದರೂ ಅದನ್ನು ಹಾಕಿಕೊಂಡವನು ಸಂಶಯಾಸ್ಪದ. ಅವನ ನಡತೆಯನ್ನು ಯಾರೂ ನೋಡುವುದಿಲ್ಲ, ಹಣೆಯ ಮೇಲೆ ಮುದ್ರೆ ಇದೆಯೇ ಎಂದು ನೋಡುತ್ತಾರೆ. ಕುಲ ಕೇಳುವ ಈ ಪದ್ಧತಿ ನಮಗೆ ಅಪರಿಚಿತವೇ?

ನಾಲ್ಕನೆಯದು ಈಚಿನದು. 2025ರ ಮಾರ್ಚಿನಲ್ಲಿ ಗೂಗಲ್, ಆಂಡ್ರಾಯ್ಡಿನ ಬೆಳವಣಿಗೆಯ ಕೆಲಸವೆಲ್ಲ ಇನ್ನು ಒಳಮನೆಯಲ್ಲೇ ನಡೆಯುತ್ತದೆ, ಕೆಲಸ ಮುಗಿದ ಮೇಲೆ ಮೂಲ ಸಂಕೇತ ಪ್ರಕಟವಾಗುತ್ತದೆ ಎಂದಿತು. ಅದೇ ಆಗಸ್ಟಿನಲ್ಲಿ ಇನ್ನೂ ದೊಡ್ಡ ಮಾತು ಬಂತು. ಪ್ಲೇ ಸ್ಟೋರಿನ ಹೊರಗೆ ಹಂಚುವ ಆ್ಯಪ್‌ಗಳನ್ನು ಬರೆದವರೂ ಗೂಗಲ್ಲಿನಲ್ಲಿ ತಮ್ಮ ಗುರುತು ನೋಂದಾಯಿಸಬೇಕು, ಇಲ್ಲದಿದ್ದರೆ ಆ ಆ್ಯಪ್ ಗೂಗಲ್ ದೃಢೀಕರಿಸಿದ ಫೋನುಗಳಲ್ಲಿ ಕೂರುವುದಿಲ್ಲ ಎಂಬ ನಿಯಮ. 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಲ್ಲಿ, 2027ರಿಂದ ಮುಂದೆ ಉಳಿದ ದೇಶಗಳಲ್ಲಿ ಎಂದು ಆಗ ಪ್ರಕಟಿಸಿದರು. 2010ರಿಂದ ಸ್ವತಂತ್ರ ಆ್ಯಪ್‌ಗಳನ್ನು ಮಾತ್ರ, ಮೂಲ ಸಂಕೇತದಿಂದಲೇ ಸಿದ್ಧಪಡಿಸಿ ಹಂಚುತ್ತಿರುವ ಎಫ್-ಡ್ರಾಯ್ಡ್ ಎಂಬ ಸ್ವಯಂಸೇವಕರ ಭಂಡಾರ, ಈ ನಿಯಮ ಬಂದರೆ ತಾನು ಈಗಿರುವಂತೆ ಉಳಿಯುವುದಿಲ್ಲ ಎಂದು ಎಚ್ಚರಿಸಿತು. ವಿರೋಧ ಹೆಚ್ಚಿದ ಮೇಲೆ ನವೆಂಬರಿನಲ್ಲಿ, ಬಲ್ಲ ಬಳಕೆದಾರರು ಅಪಾಯ ಒಪ್ಪಿಕೊಂಡು ಮುಂದೆ ಹೋಗುವ ಒಂದು ದಾರಿ ಇಡುತ್ತೇವೆ ಎಂದು ಗೂಗಲ್ ಹೇಳಿತು. ಆ ದಾರಿ ಎಷ್ಟು ಅಗಲ ಎಂಬುದನ್ನು ನಿರ್ಧರಿಸುವುದೂ ಗೂಗಲ್ಲೇ. ಇಷ್ಟು ದಿನ ಹಕ್ಕಾಗಿದ್ದದ್ದು ಇನ್ನು ಅನುಮತಿಯಾಗುತ್ತದೆ. ವ್ಯತ್ಯಾಸ ಇರುವುದು ಅಲ್ಲಿ.

ನಮಗೆ ಗೊತ್ತಿರುವ ಕಥೆಯೇ

ಈ ಬಗೆಯ ಪತನವನ್ನು ಲಿಂಗಾಯತರು ಬೇಗ ಗುರುತಿಸಬೇಕು, ಏಕೆಂದರೆ ನಮ್ಮ ಮನೆಯಲ್ಲೇ ಇದು ನಡೆದಿದೆ. ವಚನಗಳನ್ನು ನಾವು ಎಂದೂ ತಿರಸ್ಕರಿಸಲಿಲ್ಲ. ತಲೆಯ ಮೇಲೆ ಹೊತ್ತೆವು, ಮೆರವಣಿಗೆ ಮಾಡಿದೆವು. ಜೊತೆಗೇ, ಯಾವ ಪುರೋಹಿತನನ್ನು ಶರಣರು ಕಳಿಸಿದ್ದರೋ ಅವನನ್ನು ಹಿಂಬಾಗಿಲಿನಿಂದ ಕರೆತಂದೆವು. ಮದುವೆಗೆ ಮುಹೂರ್ತ ಕೇಳಿದೆವು, ಹೊಸ ಮನೆಗೆ ಹೋಮ ಮಾಡಿಸಿದೆವು, ಇಷ್ಟಲಿಂಗವನ್ನು ಜಗುಲಿಯ ಮೇಲಿಟ್ಟು ಗುಡಿಗೆ ಹೋಗಿ ಸಾಲಿನಲ್ಲಿ ನಿಂತೆವು. ಜಂಗಮವೆಂದರೆ ಚಲಿಸುವ ಅರಿವು ಎಂಬುದನ್ನು ಮರೆತು ಅದನ್ನೊಂದು ಜಾತಿ ಮಾಡಿದೆವು. ಅಕ್ಷರ ಉಳಿಯಿತು, ಅಧಿಕಾರ ಹಿಂದಿನವರ ಕೈಗೇ ಮರಳಿತು.

ಆಂಡ್ರಾಯ್ಡಿಗೆ ಆದದ್ದೂ ಇದೇ. ಪರವಾನಗಿಯ ಅಕ್ಷರ ಹಾಗೇ ಇದೆ. ಲಿನಕ್ಸಿನ ಹೆಸರು ಹಾಗೇ ಇದೆ. ಅಧಿಕಾರ ಮಾತ್ರ ಕರಾರು, ಅಂಗಡಿ, ಬೀಗ, ಮುದ್ರೆಗಳ ಮೂಲಕ ಒಂದೇ ಕಡೆ ಸೇರಿದೆ. ಆದ್ದರಿಂದ ಯಾವುದೇ ವ್ಯವಸ್ಥೆಯನ್ನು ಅದು ಹೇಳಿಕೊಳ್ಳುವ ತತ್ವದಿಂದ ಅಳೆಯಬಾರದು. ಬಾಗಿಲಲ್ಲಿ ಯಾರು ನಿಂತಿದ್ದಾರೆ, ಅವರು ಬೇಡವೆಂದರೆ ನಮಗೆ ಬೇರೆ ದಾರಿ ಇದೆಯೇ ಎಂದು ನೋಡಬೇಕು. ಮಠಕ್ಕೂ ಇದೇ ಅಳತೆ, ಮೊಬೈಲಿಗೂ ಇದೇ ಅಳತೆ.

ಬೇಡವೆಂದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2024ರ ಮಾರ್ಚ್ 1ರಂದು ಶುಲ್ಕದ ತಕರಾರಿನಲ್ಲಿ ಗೂಗಲ್ ಹಲವು ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತು. ಭಾರತ್ ಮ್ಯಾಟ್ರಿಮೊನಿ, ನೌಕರಿ ಮುಂತಾದ ಕೋಟ್ಯಂತರ ಜನ ಬಳಸುವ ಆ್ಯಪ್‌ಗಳೂ ಅದರಲ್ಲಿದ್ದವು. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಮರಳಿದವು. ದೊಡ್ಡ ಕಂಪನಿಗಳ ಪರವಾಗಿ ಸಚಿವರು ಮಾತನಾಡಿದರು. ಹಳ್ಳಿಯ ಹುಡುಗನೊಬ್ಬ ತನ್ನೂರಿನ ಶರಣ ಬಳಗಕ್ಕೆಂದು ಒಂದು ವಚನ ಆ್ಯಪ್ ಮಾಡಿ, ಅದನ್ನು ಯಂತ್ರವೊಂದು ಕಾರಣ ಹೇಳದೆ ತೆಗೆದುಹಾಕಿದರೆ ಅವನ ಪರ ಯಾವ ಸಚಿವರು ಮಾತನಾಡುತ್ತಾರೆ?

ರಕ್ಷಣೆಯ ಮಾತು

ಇದಕ್ಕೆ ಒಂದು ಗಂಭೀರ ಉತ್ತರವಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೋಸಗಾರರು ಹೆಚ್ಚಾಗಿದ್ದಾರೆ. ಮದುವೆಯ ಕರೆಯೋಲೆ, ಸಂಚಾರ ಪೊಲೀಸರ ದಂಡದ ಚೀಟಿ ಎಂಬ ಸೋಗಿನಲ್ಲಿ ವಾಟ್ಸಾಪಿಗೆ ಕಳ್ಳ ಆ್ಯಪ್ ಕಳಿಸಿ ಖಾತೆ ಬರಿದು ಮಾಡುವ ಪ್ರಕರಣಗಳು ನಮ್ಮ ಜಿಲ್ಲೆಗಳಲ್ಲೂ ನಡೆಯುತ್ತಿವೆ. ಅಂಗಡಿಯ ಹೊರಗಿನಿಂದ ಬರುವ ಆ್ಯಪ್‌ಗಳಲ್ಲಿ ಪ್ಲೇ ಸ್ಟೋರಿಗಿಂತ 50 ಪಟ್ಟು ಹೆಚ್ಚು ದುಷ್ಟ ತಂತ್ರಾಂಶ ತನಗೆ ಕಂಡಿದೆ ಎಂದು ಗೂಗಲ್ ಹೇಳುತ್ತದೆ. ಪಿಂಚಣಿಯ ಹಣ ಕಳೆದುಕೊಂಡ ವೃದ್ಧರ ಮುಂದೆ ನಿಂತು ನಾಲ್ಕು ಸ್ವಾತಂತ್ರ್ಯದ ಬಗ್ಗೆ ಉಪನ್ಯಾಸ ಮಾಡಲಾಗದು.

ಆದರೆ ಅದೇ ಅಂಗಡಿಯೊಳಗೆ ಏನು ನಡೆಯಿತು ಎಂಬುದನ್ನೂ ನೋಡಬೇಕು. ಸಾಲ ಕೊಡುವ ನೆಪದಲ್ಲಿ ಜನರ ಫೋನಿನ ಹೆಸರು, ಚಿತ್ರಗಳನ್ನೆಲ್ಲ ದೋಚಿ, ಮಾನಹಾನಿಯ ಬೆದರಿಕೆ ಹಾಕಿ, ಕೆಲವರನ್ನು ಆತ್ಮಹತ್ಯೆಗೆ ದೂಡಿದ ಸಾಲದ ಆ್ಯಪ್‌ಗಳು ಸಾವಿರಾರು ಸಂಖ್ಯೆಯಲ್ಲಿ ಇದ್ದದ್ದು ಪ್ಲೇ ಸ್ಟೋರಿನಲ್ಲಿಯೇ. 2021ರ ಏಪ್ರಿಲ್‌ನಿಂದ 2022ರ ಜುಲೈವರೆಗೆ 2,500ಕ್ಕೂ ಹೆಚ್ಚು, 2022ರ ಸೆಪ್ಟೆಂಬರಿನಿಂದ 2023ರ ಆಗಸ್ಟ್‌ವರೆಗೆ 2,200ಕ್ಕೂ ಹೆಚ್ಚು ಇಂಥ ಆ್ಯಪ್‌ಗಳನ್ನು ಗೂಗಲ್ ತೆಗೆದುಹಾಕಿತೆಂದು ಸರ್ಕಾರವೇ ಸಂಸತ್ತಿಗೆ ತಿಳಿಸಿದೆ. ಅಂದರೆ ಅಷ್ಟೂ ಆ್ಯಪ್‌ಗಳು ಒಂದಲ್ಲ ಒಂದು ದಿನ ಬಾಗಿಲಲ್ಲಿ ಪರೀಕ್ಷೆಗೊಳಪಟ್ಟೇ ಒಳಗೆ ಹೋಗಿದ್ದವು.

ಕಾವಲುಗಾರ ಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಾವಲುಗಾರನಿಗೆ ಮನೆಯ ಯಜಮಾನಿಕೆ ಬರೆದುಕೊಡಬೇಕೇ ಎಂಬುದು ಪ್ರಶ್ನೆ. ಅದೂ ಅವನು ಅದೇ ಬೀದಿಯ ದೊಡ್ಡ ವ್ಯಾಪಾರಿಯಾಗಿರುವಾಗ, ಹಾದುಹೋಗುವ ಪ್ರತಿ ಗಾಡಿಯಿಂದ ಸುಂಕ ಎತ್ತುತ್ತಿರುವಾಗ. ರಕ್ಷಣೆಗೆ ಬೇರೆ ದಾರಿಗಳೂ ಇವೆ. ಮೂಲ ಸಂಕೇತ ತೆರೆದಿದ್ದರೆ ಯಾರು ಬೇಕಾದರೂ ಪರೀಕ್ಷಿಸಬಹುದು. ಎಫ್-ಡ್ರಾಯ್ಡಿನಲ್ಲಿ ಜಾಹೀರಾತು ತೋರಿಸುವ, ಬೆನ್ನು ಹತ್ತಿ ನೋಡುವ ಆ್ಯಪ್‌ಗಳ ಮೇಲೆ ಅದನ್ನು ಸ್ಪಷ್ಟವಾಗಿ ಬರೆದಿರುತ್ತಾರೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಅಲ್ಲೇ ಚೆಲ್ಲಿ ಬನ್ನಿ ಎಂದು ಕಳಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಟಾರ್ಚ್ ಹೊತ್ತಿಸುವ ಆ್ಯಪ್ ನಮ್ಮ ಸಂಪರ್ಕ ಪಟ್ಟಿ ಕೇಳಿದರೆ ಅಲ್ಲಿ ಲಕ್ಕಮ್ಮನ ಪ್ರಶ್ನೆ ಕೇಳುವವರು ಬೇಕು. ಪ್ಲೇ ಸ್ಟೋರಿನ ಮಾಲೀಕ ಆ ಪ್ರಶ್ನೆಯನ್ನು ನಿಷ್ಠುರವಾಗಿ ಕೇಳಲಾರ, ಏಕೆಂದರೆ ಹೆಚ್ಚು ಅಕ್ಕಿ ಆಯುವುದೇ ಅವನ ವ್ಯಾಪಾರ.

ಹಳಕಟ್ಟಿಯವರು ಮಾಡಿದ್ದು

ನಮ್ಮ ಪರಂಪರೆಯಲ್ಲೇ ಒಂದು ಮಾರ್ಗದರ್ಶನವಿದೆ. ಫ.ಗು. ಹಳಕಟ್ಟಿಯವರು ಊರೂರು ಅಲೆದು, ಜಂತಿಯ ಮೇಲೆ, ಜಗುಲಿಯ ಮೂಲೆಯಲ್ಲಿ ಹುಳು ತಿನ್ನುತ್ತಿದ್ದ ತಾಡೋಲೆಗಳಿಂದ ವಚನಗಳನ್ನು ಬಿಡಿಸಿದರು. ಅಚ್ಚು ಹಾಕಿಸಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದಾಗ ಅವರು ಒಪ್ಪದೆ ಹಿಂದಿರುಗಿಸಿದರೆಂಬುದು ಹಳಕಟ್ಟಿಯವರ ಜೀವನ ಬಲ್ಲವರೆಲ್ಲ ಹೇಳುವ ಸಂಗತಿ. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಯಿತು. ಅಷ್ಟಕ್ಕೆ ಅವರು ಸಮಾಧಾನಪಡಲಿಲ್ಲ. ಅಚ್ಚಿನ ಮನೆ ಇನ್ನೊಬ್ಬರದಾದರೆ ವಚನದ ಬಾಳೂ ಇನ್ನೊಬ್ಬರ ಮರ್ಜಿಯಲ್ಲಿ ಎಂದು ಅರಿತು, ಇದ್ದ ಮನೆಯನ್ನೇ ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಆರಂಭಿಸಿದರು. ಮರುವರ್ಷ ಶಿವಾನುಭವ ಪತ್ರಿಕೆ ಹೊರಟಿತು. ಇಂದು ನಾವು ವಚನ ಓದುತ್ತಿರುವುದು ಆ ತೀರ್ಮಾನದ ಫಲ.

ಇಂದು ಅಚ್ಚಿನ ಮನೆಯ ಜಾಗದಲ್ಲಿ ಮೊಬೈಲ್ ಬಂದಿದೆ. ಹೊಸ ಪೀಳಿಗೆಯ ಎಷ್ಟೋ ಮಂದಿ ವಚನವನ್ನು ಮೊದಲು ನೋಡುವುದು ಅದರ ಪರದೆಯ ಮೇಲೆ. ಸಂತೋಷದ ವಿಷಯವೆಂದರೆ ಹಳಕಟ್ಟಿಯವರ ದಾರಿಯಲ್ಲಿ ನಡೆದವರು ಈ ಕಾಲದಲ್ಲೂ ಇದ್ದಾರೆ. ಕನ್ನಡದ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಕಟ್ಟಿದ ವಚನ ಸಂಚಯದಲ್ಲಿ ಸಾವಿರಾರು ವಚನಗಳನ್ನು ಯಾವ ಆ್ಯಪ್ ಅಂಗಡಿಯ ಹಂಗಿಲ್ಲದೆ ಯಾರಾದರೂ ಹುಡುಕಿ ಓದಬಹುದು. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರ ಇಂಡಿಕ್ ಕೀಬೋರ್ಡ್ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಬಂತು. ಅದು ಸಾಧ್ಯವಾದದ್ದು ಆಂಡ್ರಾಯ್ಡಿನ ಕೀಲಿಮಣೆಯ ಮೂಲ ಸಂಕೇತ ಮುಕ್ತವಾಗಿದ್ದುದರಿಂದ. ಬಾಗಿಲು ತೆರೆದಿದ್ದಾಗ ನೆರೆಮನೆಯವರು ಅಡುಗೆ ಮಾಡಿ ನಮಗೂ ಬಡಿಸಿದರು. ಬಾಗಿಲು ಮುಚ್ಚಿದರೆ ಕನ್ನಡದಂಥ ಭಾಷೆಗಳು, ಅವುಗಳಿಂದ ಲಾಭವಿದೆಯೇ ಎಂದು ಕಂಪನಿ ಲೆಕ್ಕ ಹಾಕುವವರೆಗೆ ಕಾಯಬೇಕು. ತುಳು, ಕೊಡವ ಭಾಷೆಗಳು ಇನ್ನೂ ಹಿಂದೆ ನಿಲ್ಲಬೇಕು.

ಮಠಗಳು, ಬಸವ ಬಳಗಗಳು ಏನು ಮಾಡಬಹುದು

ಮೊಬೈಲ್ ಬಿಡಿ ಎಂದು ಹೇಳುವುದು ಆಗುವ ಮಾತಲ್ಲ. ಗೂಗಲ್ಲನ್ನು ಬೈದು ಅದರಲ್ಲೇ ಬರಹ ಹಂಚುವುದರಿಂದಲೂ ಪ್ರಯೋಜನವಿಲ್ಲ. ಕೈಗೆಟಕುವ ಕೆಲಸಗಳಿವೆ.

ಮಠಗಳು, ಸಂಘಟನೆಗಳು ಈಗ ದುಡ್ಡು ಕೊಟ್ಟು ಆ್ಯಪ್ ಮಾಡಿಸುತ್ತಿವೆ. ಮಾಡಿಸುವಾಗ ಒಂದು ಷರತ್ತು ಹಾಕಲಿ: ಮೂಲ ಸಂಕೇತ ಸ್ವತಂತ್ರ ಪರವಾನಗಿಯಲ್ಲಿ ಪ್ರಕಟವಾಗಬೇಕು. ಭಕ್ತರ ಕಾಣಿಕೆಯಿಂದ ಆದ ಕೆಲಸ ಭಕ್ತರ ಸ್ವತ್ತು. ಒಂದು ಮಠ ಮಾಡಿಸಿದ್ದನ್ನು ಇನ್ನೊಂದು ಮಠ ತಿದ್ದಿ ಬಳಸಿದರೆ ಇಬ್ಬರ ಹಣವೂ ಉಳಿಯುತ್ತದೆ. ವಚನಗಳ ಪಠ್ಯವನ್ನು ಯೂನಿಕೋಡಿನಲ್ಲಿ, ಯಾರಾದರೂ ಪ್ರತಿ ಮಾಡಿಕೊಳ್ಳಬಹುದಾದ ಸರಳ ರೂಪದಲ್ಲಿ ಆ್ಯಪಿನ ಹೊರಗೂ ಇಡಬೇಕು. ಸಾವಿರ ವಚನಗಳನ್ನು ಒಂದು ಆ್ಯಪಿನೊಳಗೆ ಸೆರೆ ಹಾಕಿ, ನಡುನಡುವೆ ಜಾಹೀರಾತು ತೋರಿಸುವುದು ವಚನ ಸೇವೆಯಲ್ಲ. ಓದುವವರಿಂದ ಫೋನ್ ಸಂಖ್ಯೆ, ಹುಟ್ಟಿದ ದಿನಾಂಕ ಕೇಳುವುದನ್ನಂತೂ ಕೂಡಲೇ ನಿಲ್ಲಿಸಬೇಕು.

ನಮ್ಮ ಮಠಗಳ ಉಚಿತ ಪ್ರಸಾದ ನಿಲಯಗಳು ನಾಡಿನ ಎಷ್ಟೋ ತಲೆಮಾರುಗಳಿಗೆ ಅನ್ನ, ಅಕ್ಷರ ಕೊಟ್ಟಿವೆ. ಮಠಗಳು ನಡೆಸುವ ಇಂಜಿನಿಯರಿಂಗ್ ಕಾಲೇಜುಗಳೂ ಹಲವಾರಿವೆ. ಅಲ್ಲಿನ ವಿದ್ಯಾರ್ಥಿಗಳಿಗೆ ಲಿನಕ್ಸ್, ಎಫ್-ಡ್ರಾಯ್ಡ್, ಲಿನೇಜ್ ಓಎಸ್‌ಗಳನ್ನು ಪರಿಚಯಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಕಂಪನಿ ಕೈಬಿಟ್ಟ ಹಳೆಯ ಫೋನಿಗೆ ಹೊಂದುವ ಸ್ವತಂತ್ರ ವ್ಯವಸ್ಥೆ ಸಿಕ್ಕರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ, ಬಡ ವಿದ್ಯಾರ್ಥಿಯ ಓದಿಗೆ ಆಗುತ್ತದೆ. ಬೆಂಗಳೂರಿನಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಕರ್ನಾಟಕ ಘಟಕದ ಯುವಕರು ಇಂಥ ತರಬೇತಿ ಕೊಡುತ್ತ ಬಂದಿದ್ದಾರೆ. ಶರಣ ಸಮ್ಮೇಳನಗಳಲ್ಲಿ ಒಂದು ಗೋಷ್ಠಿಯನ್ನು ಅವರಿಗೂ ಮೀಸಲಿಟ್ಟರೆ ನಮ್ಮ ಹುಡುಗರಿಗೆ ದಾಸೋಹ ಎಂಬುದು ಅನ್ನದ ಸಾಲಿಗಷ್ಟೇ ಸೀಮಿತವಲ್ಲ ಎಂದು ತಿಳಿಯುತ್ತದೆ.

ಮೂರನೆಯದು ಸಾರ್ವಜನಿಕ ಒತ್ತಾಯ. ಸರ್ಕಾರಿ ಸೇವೆಗಳು, ಬ್ಯಾಂಕುಗಳು ಒಂದು ಖಾಸಗಿ ಕಂಪನಿಯ ಮುದ್ರೆ ಇದ್ದ ಫೋನಿನಲ್ಲಿ ಮಾತ್ರ ಸಿಗುವಂತಾಗಬಾರದು. ಪಡಿತರ, ಪಿಂಚಣಿ, ವಿದ್ಯಾರ್ಥಿವೇತನಗಳಿಗೆ ಅಮೆರಿಕದ ಕಂಪನಿಯೊಂದರಲ್ಲಿ ಖಾತೆ ತೆರೆಯುವುದು ಅನಿವಾರ್ಯವಾದರೆ ಅದು ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದ್ದಲ್ಲ. ಆ್ಯಪ್ ಹೊರಗಿನಿಂದ ಹಾಕಿಕೊಳ್ಳುವ ಹಕ್ಕನ್ನು ಕಾನೂನಿನಲ್ಲೇ ಉಳಿಸಬೇಕೆಂದು ನಮ್ಮ ಸಂಘಟನೆಗಳು ಸಂಸದರಿಗೆ ಮನವಿ ಕೊಡಬಹುದು. ಯುರೋಪಿನಲ್ಲಿ ಕಾನೂನು ಬಂದ ಮೇಲೆಯೇ ಆಪಲ್ ಕಂಪನಿ 2024ರಲ್ಲಿ ಬೇರೆ ಅಂಗಡಿಗಳಿಗೆ ಅಲ್ಲಿ ಅವಕಾಶ ಕೊಟ್ಟದ್ದು. ಕೇಳದೆ ಯಾರೂ ಕೊಡಲಿಲ್ಲ.

ಇಷ್ಟೆಲ್ಲ ಮಾಡಿದರೂ ಗೂಗಲ್, ಆಪಲ್‌ಗಳ ಬಲ ನಾಳೆಯೇ ಕುಗ್ಗುವುದಿಲ್ಲ. ಕಲ್ಯಾಣದಲ್ಲೂ ಅರಸೊತ್ತಿಗೆ ಒಂದು ದಿನಕ್ಕೆ ಕುಗ್ಗಲಿಲ್ಲ. ಶರಣರು ಗುಡಿಗಳನ್ನು ಕೆಡವುತ್ತ ಕೂರಲಿಲ್ಲ. ಗುಡಿಯ ಅಪ್ಪಣೆ ಬೇಡದ ಬದುಕೊಂದನ್ನು ಮಹಾಮನೆಯಲ್ಲಿ, ಅನುಭವ ಮಂಟಪದಲ್ಲಿ, ತಮ್ಮ ತಮ್ಮ ಕಾಯಕದ ಕಟ್ಟೆಯ ಮೇಲೆ ಕಟ್ಟಿ ತೋರಿಸಿದರು. ಸ್ವತಂತ್ರ ತಂತ್ರಾಂಶ ಬರೆಯುವವರು ಮಾಡುತ್ತಿರುವುದು ಅಂಥದೇ ಕೆಲಸ. ಅವರಲ್ಲಿ ಬಹುತೇಕರು ಬಸವಣ್ಣನವರ ಹೆಸರು ಕೇಳಿಲ್ಲ. ಕೇಳಿರುವ ನಾವು ಅವರ ಜೊತೆ ನಿಲ್ಲದಿದ್ದರೆ ಹೇಗೆ?